ಬದನೆ ಬೀಜದ ಬಗ್ಗೆ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದ. ಊರ ಮನೆ ವಿಷಯ, ಹಿತ್ತಲು ಹೋದ ವಿಷಯ ನಿನಗೂ ಗೊತ್ತು ನನಗೂ ಗೊತ್ತು, ಅದನ್ನು ಮತ್ತೆ ಕೆದಕುವುದು ಬೇಡ. ನೀನು ಕೇಳಿದ್ದು ಬೀಜಕ್ಕೆ ಕಾಗದದ ಪೊಟ್ಟಣ ಹೇಗೆ ಮಾಡೋದು ಅಂತ. ಆದರೆ ಪತ್ರದ ಕೊನೆಯಲ್ಲಿ "ಈ ಬದನೆ ನನ್ನ ಕೈಯಲ್ಲೇ ಮುಗಿದುಹೋದರೆ ಏನು ಮಾಡಲಿ ದೊಡ್ಡಮ್ಮ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ಬೇರೆ ಯಾವುದೂ ತಲೆಗೆ ಹೋಗಲಿಲ್ಲ. ಬೀಜ ಕಟ್ಟಿಕೊಡುವಾಗ ಖುಷಿಯಿಂದ ಕೊಟ್ಟೆ. ಅದರ ಜೊತೆಗೆ ಇಷ್ಟು ಭಾರವೂ ನಿನ್ನ ತಲೆ ಮೇಲೆ ಹೋಗುತ್ತದೆ ಅಂತ ಆಗ ಹೊಳೆದಿರಲಿಲ್ಲ.

ಪ್ಲಾಸ್ಟಿಕ್ ಕವರಿನಲ್ಲಿಟ್ಟ ಅವರೆಗೆ ಬೂಷ್ಟು ಬಂತು ಅಂದೆ. ಈ ಹೆದರಿಕೆ ಶುರುವಾಗಿದ್ದೇ ಅಲ್ಲಿಂದ ಅನ್ನಿಸುತ್ತದೆ. ಅವರೆ ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ಪಸೆ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಲ್ಲಲ್ಲಿ ಕಚ್ಚಿ ನೋಡು. ಗುರುತು ಬಿದ್ದರೆ ಇನ್ನೂ ಒಣಗಬೇಕು, ಕಟಕ್ಕೆಂದು ಒಡೆದರೆ ಸಾಕು. ಪ್ಲಾಸ್ಟಿಕ್ಕಿನಲ್ಲಿ ಆ ಪಸೆ ಎಲ್ಲಿಗೂ ಹೋಗುವುದಿಲ್ಲ, ಕಾಗದದಲ್ಲಿ ಮೆಲ್ಲಗೆ ಹೊರಗೆ ಹೋಗುತ್ತದೆ. ಅಷ್ಟೇ ವ್ಯತ್ಯಾಸ. ಅದಕ್ಕೆ ಅಳುವಂಥದ್ದು ಏನೂ ಇಲ್ಲ ಮಾರಾಯ್ತಿ, ಆ ಅವರೆ ಚಿಕ್ಕಮ್ಮನ ಮನೆಯಲ್ಲೂ ಇದೆ.

ಬದನೆ ಮಾತ್ರ ನಿನ್ನ ಹತ್ತಿರ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ನಿಜ, ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ.

ನಮ್ಮ ಅತ್ತೆ ಬೀಜ ಇಡುತ್ತಿದ್ದ ರೀತಿ ನೀನು ನೋಡಿಲ್ಲ. ನಮ್ಮ ಸಾಗರದ ಕಡೆ ಮಳೆ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಬೀಜ ಎಲ್ಲಿ ಒಣಗಬೇಕು ಹೇಳು. ಎಲ್ಲವೂ ಒಲೆ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು, ಹೊಗೆ ತಿಂದುಕೊಂಡು ಇರುತ್ತಿತ್ತು. ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ನೇತು ಹಾಕುತ್ತಿದ್ದರು, ಮಳೆಗಾಲದಲ್ಲಿ ಒಂದೊಂದೇ ಇಳಿಸಿ ಹುಳಿ ಮಾಡಿ, ಒಳಗಿನ ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ ಇಡುತ್ತಿದ್ದರು. ಹೀರೆ, ಸೋರೆ ಬೀಜವನ್ನು ಒಣಗಿದ ಕಾಯಿಯಿಂದ ತೆಗೆಯುತ್ತಲೇ ಇರಲಿಲ್ಲ, ಬಿತ್ತುವ ದಿನವೇ ಒಡೆಯುವುದು. ಸಣ್ಣ ಬೀಜಕ್ಕೆ ಮಾತ್ರ ಪೊಟ್ಟಣ, ಅದೂ ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಾಳೆ. ಮೇಲೆ ಹೆಸರು ಬರೆಯುವುದು ಅಂತಲೇ ಇರಲಿಲ್ಲ, ಬಿಚ್ಚಿ ನೋಡಿದರೆ ಅವರಿಗೆ ಗೊತ್ತಾಗುತ್ತಿತ್ತು. ಆಮೇಲೆ ಅವರೇ ಇಲ್ಲದಾಗ ಆ ಡಬ್ಬಿ ಮುಂದೆ ಕೂತು ನಾನು ಎಷ್ಟು ಹೊತ್ತು ಸುಮ್ನೆ ನೋಡಿದ್ದೇನೋ. ಬದನೆಯೋ ಮೆಣಸೋ, ಎರಡೂ ಚಪ್ಪಟೆ, ಎರಡೂ ಹಳದಿ. ಹಾಗಾಗಿ ನೀನು ಬೀಜ ಹಾಕುವ ಮೊದಲೇ ಪೊಟ್ಟಣದ ಮೇಲೆ ಹೆಸರು, ವರ್ಷ ಬರೆದುಬಿಡು. ಪೆನ್ಸಿಲ್ಲಿನಲ್ಲಿ ಬರೆ, ಪೆನ್ನಿನ ಶಾಯಿ ಥಂಡಿಗೆ ಕದಡುತ್ತದೆ.

ಒಂದು ಮಳೆಗಾಲ ಹೆಂಚು ಒಡೆದು ಅಟ್ಟವೆಲ್ಲ ನೆನೆಯಿತು. ಹೊಗೆ ಬಣ್ಣದ ನೀರು ಒಲೆ ಮೇಲೆ ತೊಟ್ಟಿಕ್ಕಿದಾಗಲೇ ನಮಗೆ ಗೊತ್ತಾಗಿದ್ದು. ಆ ವರ್ಷದ ಬೀಜ ಪೂರ್ತಿ ಹೋಯಿತು. ಅಂಚಿನಲ್ಲಿ ನೇರಳೆ ಗೆರೆ ಇರುವ ಆ ಚಪ್ಪರದವರೆಯೂ ಹೋಗಿತ್ತು. ಆದರೆ ಹಿಂದಿನ ವರ್ಷ ಅತ್ತೆ ಮಗಳ ಮನೆಗೆ ಒಂದು ಹಿಡಿ ಕಟ್ಟಿಕೊಟ್ಟಿದ್ದರು, ಹೊಸನಗರದಿಂದ ವಾಪಸ್ ಬಂತು. ನೀನು ಈಗ ತಿನ್ನುವ ಅವರೆ ಅದೇ. ಬದನೆ ಬೇಲಿಯಾಚೆ ಮನೆಯಿಂದ ಬಂತು. ಮೆಣಸೊಂದು ಇತ್ತು, ಜೀರಿಗೆ ಮೆಣಸಿಗಿಂತ ಸ್ವಲ್ಪ ಉದ್ದ, ಹಣ್ಣಾದರೆ ಕಿತ್ತಳೆ ಬಣ್ಣ. ಅದು ಬರಲಿಲ್ಲ. ಎಲ್ಲರ ಮನೆಯಲ್ಲೂ ಅವರವರ ಮೆಣಸು ಇತ್ತು, ಹಾಗಾಗಿ ಯಾರೂ ನಮ್ಮದನ್ನು ಕೇಳಿರಲಿಲ್ಲ, ನಾವೂ ಕೊಟ್ಟಿರಲಿಲ್ಲ. ಇವತ್ತಿಗೂ ಅಪ್ಪೆಹುಳಿ ಮಾಡುವಾಗ ಆ ಮೆಣಸು ನೆನಪಾಗುತ್ತದೆ. ಎಷ್ಟು ವರ್ಷವಾದರೂ ಆ ಸಂಕಟ ಹೋಗಿಲ್ಲ ನೋಡು.

ಅದಕ್ಕೇ ನಿನ್ನ ಆ ಒಂದು ಸಾಲು ನನಗೆ ಅಷ್ಟು ತಟ್ಟಿದ್ದು. ನಿನಗೆ ಬಂದಿರುವ ಭಯ ಸುಮ್ನೆ ಬಂದಿದ್ದಲ್ಲ. ಒಬ್ಬರ ಹತ್ತಿರ ಮಾತ್ರ ಇದ್ದರೆ ಮುಗಿಯುತ್ತದೆ, ಎಷ್ಟು ಜೋಪಾನ ಮಾಡಿದರೂ ಒಂದಲ್ಲ ಒಂದು ವರ್ಷ ಹೆಂಚು ಒಡೆಯುತ್ತದೆ.

ಮಟ್ಟು ಗುಳ್ಳ ಗೊತ್ತಲ್ಲ, ಉಡುಪಿ ಹತ್ತಿರದ ಮಟ್ಟು ಊರಿನ ಬದನೆ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಅನ್ನುವ ಸರ್ಕಾರದ ಗುರುತು, ಸಿಕ್ಕಿತು. ಅದಕ್ಕೂ ಎಷ್ಟೋ ಕಾಲದ ಹಿಂದಿನಿಂದ ಆ ಊರಿನವರು ಮನೆ ಮನೆಯಲ್ಲಿ ಬೀಜ ಇಟ್ಟುಕೊಂಡು ಬಂದರು. ಒಂದೇ ಮನೆಯವರು ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಿದ್ದರೆ ಉಳಿಯುತ್ತಿತ್ತಾ? ನಮ್ಮ ಬದನೆಗೆ ಅಂಥ ಹೆಸರಿಲ್ಲ, ಬೇಕಾಗಿಯೂ ಇಲ್ಲ. ನಾಲ್ಕು ಮನೆ ಸಿಕ್ಕಿದರೆ ಸಾಕು. ನಿನ್ನ ಕೆಳಗಿನ ಮನೆಯವರು ಟೆರೇಸಿನಲ್ಲಿ ಟೊಮೆಟೊ ಹಾಕುತ್ತಾರೆ ಅಂದಿದ್ದೆಯಲ್ಲ, ಅವರಿಗೆ ಮೊದಲು ಕೊಡು. ಬೆಂಗಳೂರಲ್ಲಿ ಬೀಜ ಮೇಳಗಳೂ ಆಗುತ್ತವೆ, ಹೋಗು, ಯಾರು ಕೇಳುತ್ತಾರೋ ಅವರಿಗೆ ಕೊಡು. ಪೊಟ್ಟಣ ಜಾಸ್ತಿ ಮಾಡು ಅಂತ ಹೇಳುವುದೂ ಇದಕ್ಕೇ.

ಹೇಗೆ ಮಾಡೋದು ಅಂತ ಕೊನೆಗೂ ಬರೆಯುತ್ತೇನೆ, ನಿನಗೆ ಫೋನಿನಲ್ಲಿ ಇದಕ್ಕಿಂತ ಚೆನ್ನಾಗಿ ತೋರಿಸುವವರು ಸಿಗುತ್ತಾರೆ, ಆದರೂ. ನೋಟ್‌ಬುಕ್ಕಿನ ಹಾಳೆಯನ್ನು ಚೌಕವಾಗಿ ಹರಿದುಕೋ. ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಡಚು, ಮಡಿಕೆ ನಿನ್ನ ಹೊಟ್ಟೆ ಕಡೆ ಇರಲಿ. ಎಡಗಡೆ ಮೂಲೆಯನ್ನು ಬಲಗಡೆ ಅಂಚಿಗೆ ತಂದು ಒತ್ತು, ಬಲಗಡೆಯದನ್ನು ಅದರ ಮೇಲೆ ಎಡಕ್ಕೆ. ಮೇಲೆ ಎರಡು ಪದರದ ತುದಿ ಉಳಿಯುತ್ತದೆ. ಮುಂದಿನದನ್ನು ಬಗ್ಗಿಸಿ ಕೆಳಗಿನ ಮಡಿಕೆಯೊಳಗೆ ಸಿಕ್ಕಿಸು, ಬಾಯಿ ಬಿಡಿಸಿ ಬೀಜ ಹಾಕು, ಹಿಂದಿನದನ್ನೂ ಅಲ್ಲೇ ಸಿಕ್ಕಿಸು. ಅಂಟು ಬೇಡ, ಮೈದಾ ಅಂಟಿಗೆ ಜಿರಳೆ ಬರುತ್ತದೆ. ಹರಿವೆಯಂಥ ಸಣ್ಣ ಬೀಜ ಮೂಲೆಯಿಂದ ಸೋರುತ್ತದೆ, ಅದಕ್ಕೆ ಪೊಟ್ಟಣದೊಳಗೊಂದು ಪೊಟ್ಟಣ. ಕ್ಯಾಲೆಂಡರಿನ ನುಣುಪು ಹಾಳೆ ಬೇಡ. ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಕಾಗದ ಆಗುತ್ತದೆ, ಮದುವೆ ಕರೆಯೋಲೆಯ ಲಕೋಟೆಯೂ ಆಗುತ್ತದೆ.

ಬದನೆ ಗಿಡದಲ್ಲೇ ಪೂರ್ತಿ ಹಳದಿಯಾಗಿ ಮೆತ್ತಗಾಗುವವರೆಗೆ ಬಿಡು. ಆಸೆಪಟ್ಟು ಕೊಯ್ಯಬೇಡ. ನೀರಿನಲ್ಲಿ ಕಿವುಚಿದರೆ ಗಟ್ಟಿ ಬೀಜ ತಳಕ್ಕೆ ಹೋಗುತ್ತದೆ, ತೇಲಿದ್ದನ್ನು ಚೆಲ್ಲು. ಸ್ಟೀಲ್ ತಟ್ಟೆಯಲ್ಲಿ ನೆರಳಲ್ಲಿ ಒಣಗಿಸು, ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಬರುವುದೇ ಇಲ್ಲ. ಮಳೆಗಾಲದಲ್ಲಿ ಕಾಗದವೂ ಥಂಡಿ ಎಳೆಯುತ್ತದೆ, ಹಾಗಾಗಿ ಚೆನ್ನಾಗಿ ಒಣಗಿದ ಮೇಲೆ ಪೊಟ್ಟಣಗಳನ್ನೆಲ್ಲ ಗಾಜಿನ ಬಾಟಲಿಗೆ ಹಾಕಿ, ಜೊತೆಗೆ ಹುರಿದು ಆರಿಸಿದ ಅಕ್ಕಿಯ ಒಂದು ಗಂಟು ಇಟ್ಟು, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡು. ಕೃಷಿ ಓದಿದ ನಿನ್ನ ಅಣ್ಣ ಹೇಳುವ ಪ್ರಕಾರ ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದಂತೆ. ದೇಶದ ತಳಿಗಳ ಬೀಜ ಕಾಪಾಡಿಡುವ ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲೂ ಮೊದಲು ಒಣಗಿಸಿಯೇ ಮೈನಸ್ 18 ಡಿಗ್ರಿಯಲ್ಲಿ ಇಡುವುದಂತೆ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡ, ಬಾಟಲಿ ಬೆಚ್ಚಗಾಗಲಿ, ಇಲ್ಲದಿದ್ದರೆ ಒಳಗೆ ನೀರು ಕೂರುತ್ತದೆ.

ಇನ್ನೊಂದು ವಿಷಯ ಹೇಳಿದರೆ ನಿನಗೆ ಸ್ವಲ್ಪ ಹಗುರಾಗಬಹುದು. ಈರುಳ್ಳಿ ಬೀಜ ಒಂದು ವರ್ಷ ದಾಟುವುದೇ ಕಷ್ಟ. ಬದನೆ ಹಾಗಲ್ಲ, ಸರಿಯಾಗಿ ಒಣಗಿಸಿಟ್ಟರೆ 3-4 ವರ್ಷ ಹುಟ್ಟುತ್ತದೆ. ಒಂದು ವರ್ಷ ಹುಷಾರಿಲ್ಲದೆ, ಕೆಲಸ ಜಾಸ್ತಿಯಾಗಿ ಬಿತ್ತಲಿಲ್ಲ ಅಂದರೆ ಏನೂ ಮುಳುಗುವುದಿಲ್ಲ. ಬಿತ್ತುವಾಗಲೂ ಇರುವುದನ್ನೆಲ್ಲ ಬಿತ್ತಬೇಡ, ಅರ್ಧ ಬಾಟಲಿಯಲ್ಲೇ ಇರಲಿ. ಅನುಮಾನ ಬಂದರೆ 10 ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡು, ಎರಡು ವಾರ ಕಾಯಿ, 6-7 ಮೊಳಕೆ ಬಂದರೆ ಧೈರ್ಯವಾಗಿರು. ಒಂದು ಹಣ್ಣಿನಲ್ಲೇ ನೂರಾರು ಬೀಜ ಇರುತ್ತದೆ ಪುಟ್ಟಿ, ಒಂದು ಗಿಡ ಉಳಿದರೆ ಬೇಕಾದಷ್ಟಾಯಿತು.

ಇಷ್ಟೆಲ್ಲ ಮಾಡಿಯೂ ಹೋಯಿತು ಅಂತಲೇ ಇಟ್ಟುಕೋ. ನಾನು ನಿನ್ನನ್ನು ಒಂದು ಮಾತೂ ಅನ್ನುವುದಿಲ್ಲ, ಅತ್ತೆ ಇದ್ದಿದ್ದರೆ ಅವರೂ ಅನ್ನುತ್ತಿರಲಿಲ್ಲ. ಆ ಮೆಣಸಿಗೆ ಅವರು ಯಾರನ್ನೂ ಬೈಯಲಿಲ್ಲ. ಆದರೆ ಹೋಗುವ ಮೊದಲು ಕೊಡು. ಈ ವರ್ಷದ ಬೀಜ ಒಣಗಿದ ಮೇಲೆ ಒಂದು ಪೊಟ್ಟಣ ಚಿಕ್ಕಮ್ಮನಿಗೆ, ಒಂದು ಹೊಸನಗರಕ್ಕೆ, ಒಂದು ನನಗೂ ಪೋಸ್ಟ್ ಮಾಡು. ಇಲ್ಲಿ ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತದೆ, ಎರಡು ಕುಂಡ ತರಿಸಿಟ್ಟಿದ್ದೇನೆ.

ಇಂತಿ,
ದೊಡ್ಡಮ್ಮ