ಸರ್ವರ್ ಬಿದ್ದಿಲ್ಲ, ಟೇಬಲ್ ಉಬ್ಬಿದೆ

ಸಂಪಾದಕರಿಗೆ ನಮಸ್ಕಾರ,

'ಸರ್ವರ್ ಡೌನ್, ಜನರ ಪರದಾಟ' ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಆ ಎರಡು ಪದ ಕಂಡರೆ ಸ್ವಲ್ಪ ಸಿಟ್ಟು ಬರುತ್ತದೆ. ಎಷ್ಟೋ ಸಲ ಸರ್ವರ್ ಬಿದ್ದೇ ಇರುವುದಿಲ್ಲ. ಏದುಸಿರು ಬಿಡುತ್ತಾ ಕೆಲಸ ಮಾಡುತ್ತಿರುತ್ತದೆ, ಯಾರಿಗೂ ಬೇಡದ ಕೆಲಸ.

ನಾನು ಹಿಂದೆ ಇದ್ದ ಒಂದು ಕಡೆ 'ಹುಡುಕಿ' ಅನ್ನೋ ಬಟನ್ ಒತ್ತಿದರೆ ಒಂದೂವರೆ ನಿಮಿಷ ಚಕ್ರ ತಿರುಗುತ್ತಿತ್ತು. ಎಲ್ಲರೂ ಮಾಡುವಂತೆ ಅಲ್ಲೂ ದುಡ್ಡು ಸುರಿದು ರ್ಯಾಮ್ 32 ಜಿಬಿಯಿಂದ 64ಕ್ಕೆ ಏರಿಸಿದರು. ಮೂರು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತದೇ ರಾಗ. ಕೊನೆಗೆ ಟೇಬಲ್‌ಗಳನ್ನೆಲ್ಲ (ಡೇಟಾಬೇಸ್ ಮಾಹಿತಿಯನ್ನು ಸಾಲು, ಕಾಲಂ ಮಾಡಿ ಇಡುವ ಪಟ್ಟಿಗಳು) ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿ ನೋಡಿದರೆ, ಒಟ್ಟು 85 ಜಿಬಿಯಲ್ಲಿ 60 ಜಿಬಿ ಒಂದೇ ಟೇಬಲ್! ಗ್ರಾಹಕರದ್ದಲ್ಲ, ಬಿಲ್‌ಗಳದ್ದೂ ಅಲ್ಲ. ಯಾರು ಯಾವ ಸ್ಕ್ರೀನ್ ಯಾವಾಗ ತೆರೆದರು ಅನ್ನುವ ಲಾಗ್. ಯಾರೋ ಪರೀಕ್ಷೆಗೆ ಅಂತ ಆನ್ ಮಾಡಿ, ಆಫ್ ಮಾಡುವುದನ್ನು ಮರೆತಿದ್ದರು. ಆರು ವರ್ಷದ ಲಾಗ್.

ಲಾಗ್ ಪಾಡಿಗೆ ಲಾಗ್ ಬಿದ್ದಿದ್ದರೆ ಹುಡುಕಾಟ ಯಾಕೆ ನಿಧಾನ ಆಗಬೇಕು, ಅಲ್ವಾ? ಆ ಬಟನ್ ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ, ಅಂದರೆ ಕ್ವೆರಿಗೆ, ಅದು ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದಾಗ ಗೊತ್ತಾಯಿತು. ಆ ಸ್ಕ್ರೀನಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಕೊನೆಯ ಸಲ ನೋಡಿದ್ದು' ಅಂತ ಒಂದು ದಿನಾಂಕ ಬರುತ್ತಿತ್ತು. ಆ ಒಂದು ದಿನಾಂಕಕ್ಕಾಗಿ 60 ಜಿಬಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತಿತ್ತು, ಯಾಕೆಂದರೆ ಆ ಕಾಲಂ ಮೇಲೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇರಲಿಲ್ಲ. ಟೇಬಲ್ ರ್ಯಾಮ್‌ನಲ್ಲಿ ಹಿಡಿಸುವ ತನಕ ಹೇಗೋ ನಡೆಯಿತು, ಬೆಳೆದು ಹೊರಗೆ ಚಾಚಿದ ದಿನದಿಂದ ಪ್ರತಿ ಸಲ ಡಿಸ್ಕ್ ತಡಕುವುದೇ ಆಯಿತು. ದಿನವಿಡೀ ಆ ಸ್ಕ್ರೀನ್ ಬಳಸುವವರನ್ನು ಆ ದಿನಾಂಕ ಬೇಕಾ ಅಂತ ಕೇಳಿದೆ. 'ಯಾವ ದಿನಾಂಕ?' ಅಂದರು.

ಇಂಡೆಕ್ಸ್ ಅನ್ನುವುದು ಹೊಸ ವಿದ್ಯೆ ಏನಲ್ಲ. ಇವತ್ತಿಗೂ ಹೆಚ್ಚಿನ ಕಡೆ ಇರುವುದು ಬಿ-ಟ್ರೀ ಅನ್ನುವ, ಮರದಂತೆ ಕವಲೊಡೆಯುವ ಇಂಡೆಕ್ಸ್. ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿ ಬೇಯರ್ ಮತ್ತು ಮೆಕ್ರೈಟ್ ರೂಪಿಸಿ 1972ರಲ್ಲಿ ಪ್ರಕಟಿಸಿದ್ದು. ಒಂದೊಂದು ಪುಟದಲ್ಲಿ ನೂರಾರು ಕೀ (ಹುಡುಕಲು ಬಳಸುವ ಬೆಲೆಗಳು) ಹಿಡಿಸುವುದರಿಂದ 10 ಕೋಟಿ ಸಾಲುಗಳಿದ್ದರೂ ನಾಲ್ಕೈದು ಪುಟ ತಿರುವಿದರೆ ಬೇಕಾದ್ದು ಸಿಗುತ್ತದೆ. ಹಾಗಂತ ಸಿಕ್ಕ ಸಿಕ್ಕ ಕಾಲಂಗೆಲ್ಲ ಇಂಡೆಕ್ಸ್ ಹಾಕಿದರೆ ಒಂದು ಸಾಲು ಬರೆಯುವಾಗ ಅವನ್ನೆಲ್ಲ ತಿದ್ದಬೇಕು, ಅದೂ ಭಾರವೇ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಶನಿವಾರ ರಾತ್ರಿ ಕೂತು, ಮೂರು ತಿಂಗಳಿಗಿಂತ ಹಳೆಯ ಸಾಲುಗಳನ್ನೆಲ್ಲ ಒಂದೇ ಏಟಿಗೆ ಡಿಲೀಟ್ ಮಾಡಿದೆ. ಬೆಳಗಿನ ಜಾವದವರೆಗೂ ಓಡಿತು. ಮುಗಿದ ಮೇಲೆ ಗಾತ್ರ ನೋಡಿದರೆ ಅದೇ 60 ಜಿಬಿ! ನಮ್ಮದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಅದರಲ್ಲಿ ಡಿಲೀಟ್ ಅಂದರೆ ಸಾಲಿನ ಮೇಲೆ 'ಸತ್ತಿದೆ' ಅಂತ ಗುರುತು ಹಾಕುವುದು ಅಷ್ಟೇ. ವ್ಯಾಕ್ಯೂಮ್ ಅನ್ನುವ ಕಸ ಗುಡಿಸುವ ಕೆಲಸ ಬಂದು ಆ ಜಾಗವನ್ನು ಮುಂದಿನ ಸಾಲುಗಳಿಗೆ ಬಿಡಿಸಿಕೊಡುತ್ತದೆ, ಸಾಮಾನ್ಯವಾಗಿ ಡಿಸ್ಕಿಗೆ ವಾಪಸ್ ಕೊಡುವುದಿಲ್ಲ. ಕೊಡಿಸಬೇಕೆಂದರೆ ವ್ಯಾಕ್ಯೂಮ್ ಫುಲ್, ಅದು ಮುಗಿಯುವವರೆಗೆ ಟೇಬಲ್‌ಗೆ ಪೂರ್ತಿ ಬೀಗ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲೂ ಡಿಲೀಟ್ ಮಾಡಿದರೆ ಫೈಲ್ ಸಣ್ಣದಾಗುವುದಿಲ್ಲ. ತಾನಾಗಿ ಓಡುವ ಆಟೋವ್ಯಾಕ್ಯೂಮ್ ಇದೆಯಲ್ಲ ಅಂತ ಸುಮ್ನೆ ಕೂರುವ ಹಾಗೂ ಇಲ್ಲ: ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಹೆಚ್ಚುಕಡಿಮೆ ಶೇ 20ರಷ್ಟು ಸಾಲುಗಳು ಸತ್ತ ಮೇಲೆ ಅದು ಏಳುವುದು. 10 ಕೋಟಿ ಸಾಲಿನ ಟೇಬಲ್‌ನಲ್ಲಿ 2 ಕೋಟಿ ಹೆಣ ಬಿದ್ದ ಮೇಲೆ!

ಬೇಕಾದ ಮೂರು ತಿಂಗಳನ್ನು ಹೊಸ ಟೇಬಲ್‌ಗೆ ನಕಲು ಮಾಡಿ ಹಳೆಯದನ್ನು ಡ್ರಾಪ್ ಮಾಡಿದ್ದರೆ, ಅಂದರೆ ಇಡಿಯಾಗಿ ಕಿತ್ತು ಹಾಕಿದ್ದರೆ, ಆ ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಮುಂದಿನ ವಾರ ಹಾಗೆಯೇ ಮಾಡಿದೆವು. ಟೇಬಲ್ಲನ್ನು ತಿಂಗಳಿಗೊಂದು ಪಾರ್ಟಿಶನ್ (ಬೇರೆ ತುಂಡು) ಅಂತಲೂ ಕತ್ತರಿಸಿದೆವು. ಈಗ ಹಳೆ ತಿಂಗಳನ್ನು ಕಿತ್ತು ಹಾಕಲು ಒಂದು ಕ್ಷಣ ಸಾಕು. ಆ ದಿನಾಂಕವನ್ನು ಸ್ಕ್ರೀನಿನಿಂದ ತೆಗೆದೆವು, ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಹಳೆಯದನ್ನೆಲ್ಲ ಅಳಿಸಿ ಅಂತ ನಾನು ಹೇಳುತ್ತಿಲ್ಲ. ಲೆಕ್ಕಪತ್ರ, ದಾಖಲೆ ಇರಲೇಬೇಕು, ಬೇಕಿದ್ದರೆ ಬೇರೆ ಕಡೆ ಇಡಿ. ಆದರೆ ಯಾವುದನ್ನು ಎಷ್ಟು ವರ್ಷ ಇಡಬೇಕು ಅಂತ ತೀರ್ಮಾನ ಮಾಡಬೇಕಾದವರು ಇಲಾಖೆಯ, ಕಂಪನಿಯ ದೊಡ್ಡವರು. ಅವರು ಬಾಯಿ ಬಿಡುವುದಿಲ್ಲ, ನಮ್ಮಂಥವರಿಗೆ ಅಳಿಸಲು ಧೈರ್ಯವಿಲ್ಲ, ಹಾಗಾಗಿ ಹೊಸ ಮೆಷಿನ್ ಬರುತ್ತದೆ.

ಇನ್ನೊಂದು ಸಲ ಯಾರಾದರೂ ನಿಮ್ಮ ವರದಿಗಾರರ ಮುಂದೆ 'ಸರ್ವರ್ ಡೌನ್' ಅಂದರೆ, ಯಾವಾಗ ಸರಿಹೋಗುತ್ತದೆ ಅಂತ ಕೇಳುವ ಜೊತೆಗೆ ಇದನ್ನೂ ಕೇಳಿಸಿ: ನಿಮ್ಮ ಅತಿ ದೊಡ್ಡ ಟೇಬಲ್ ಯಾವುದು, ಅದನ್ನು ಕೊನೆಯ ಸಲ ಓದಿದ್ದು ಯಾರು?

– ಡೇಟಾಬೇಸ್ ಕೆಲಸದ ಒಬ್ಬ ಓದುಗ