ಜೀವನಾಂಶ ಬರಲಿಲ್ಲವೆಂದು ಭೇಟಿ ತಪ್ಪಿಸಬೇಡ

ಮಗಳೇ,

ಜೀವನಾಂಶ ಬಂದಿಲ್ಲ, ಅದಕ್ಕೇ ಈ ಶನಿವಾರ ಮಗುವನ್ನು ಅದರಪ್ಪನ ಹತ್ತಿರ ಕಳಿಸಲ್ಲ ಅಂತ ಬರೆದಿದ್ದೀಯಲ್ಲ, ಅದೊಂದನ್ನು ಮಾಡಬೇಡ. ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ದುಡ್ಡಿನ ಬಾಕಿ ಬೇರೆ, ಭೇಟಿ ಬೇರೆ. ಬಾಕಿಗೆ ಪ್ರತ್ಯೇಕ ಅರ್ಜಿ ಹಾಕು, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸು. ಭೇಟಿ ತಪ್ಪಿಸಿದರೆ ಮುಂದಿನ ವಿಚಾರಣೆಯಲ್ಲಿ ಚರ್ಚೆಗೆ ಬರುವುದು ಅವನ ಬಾಕಿಯಲ್ಲ, ನಿನ್ನ ಹಟ. ಕೋಲು ಕೊಟ್ಟು ಪೆಟ್ಟು ತಿಂದ ಹಾಗಾಗುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯೂ ಅಪ್ಪ ಅಮ್ಮ ಇಬ್ಬರ ಒಡನಾಟವನ್ನೂ ಮಗುವಿನ ಹಕ್ಕು ಅನ್ನುತ್ತದೆ. ಅದು ಮಗುವಿನ ಹಿತಕ್ಕೆ ವಿರುದ್ಧವಾದರೆ ಮಾತ್ರ ವಿನಾಯಿತಿ. ಹೊಡೆತ ಬಡಿತ ಇದ್ದಿದ್ದರೆ ಈ ಕಾಗದವೇ ಬೇರೆಯಾಗಿರುತ್ತಿತ್ತು. ಆಗ ಮೂರನೆಯವರ ಸಮ್ಮುಖದ ಭೇಟಿಯನ್ನಷ್ಟೇ ಕೇಳಬೇಕು, ಅದನ್ನೂ ನ್ಯಾಯಾಲಯದಲ್ಲಿ.

ಇಷ್ಟರ ನಡುವೆಯೂ ಮಗುವಿನ ಶಾಲೆ ತಪ್ಪದ ಹಾಗೆ ನೋಡಿಕೊಂಡಿದ್ದೀಯ, ಹೆಮ್ಮೆಯಾಗುತ್ತದೆ. ನನಗೆ ದಿಗಿಲಿರುವುದು ಮಗು ಕೈ ಬದಲಾಗುವ ಆ ಐದು ನಿಮಿಷದ ಬಗ್ಗೆ. ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತ ಮಗು ನಿಮ್ಮಿಬ್ಬರ ಮುಖವನ್ನೂ ಓದುತ್ತದೆ. "ಫೀಸು ಕಟ್ಟೋಕೆ ಅಪ್ಪಂಗೆ ಹೇಳು" ಅಂತ ನೀನು ಹೇಳಿಕಳಿಸಿದರೆ ಮಗುವೇ ಅಂಚೆಯಾಳಾಗುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ಹೇಳುವುದನ್ನು ಕಲಿಯುತ್ತದೆ. ಇಬ್ಬರೂ ಅದನ್ನು ನಿಜವೆಂದು ನಂಬಿ ಕಾದಾಡುತ್ತೀರಿ. ಆದ್ದರಿಂದ ಹಸ್ತಾಂತರ ಶಾಲೆಯಲ್ಲೇ ಆಗಲಿ: ಶುಕ್ರವಾರ ಬೆಳಿಗ್ಗೆ ನೀನು ಬಿಡು, ಸಂಜೆ ಅವನು ಕರೆದೊಯ್ಯಲಿ, ಸೋಮವಾರ ಬೆಳಿಗ್ಗೆ ಅವನೇ ತಂದುಬಿಡಲಿ. ಎದುರುಬದುರಾಗುವ ಪ್ರಸಂಗವೇ ಇರುವುದಿಲ್ಲ. ಔಷಧಿಯನ್ನೂ ಎಷ್ಟು ಹೊತ್ತಿಗೆ ಎಷ್ಟು ಎಂಬ ಚೀಟಿಯನ್ನೂ ಯಾರಾದರೂ ದೊಡ್ಡವರ ಕೈಲಿ ಅವನಿಗೇ ಮುಟ್ಟಿಸು, ಶಾಲೆಯ ಚೀಲಕ್ಕೆ ತುರುಕಬೇಡ.

ಉಪದೇಶ ಜಾಸ್ತಿಯಾಯಿತು, ಬೈಕೋಬೇಡ. ಆದರೂ ಇಷ್ಟು ಕೇಳು. "ಅನುಕೂಲ ನೋಡಿಕೊಂಡು ಭೇಟಿ" ಅಂತ ಬರೆದ ಕರಾರು ವಾರಕ್ಕೊಂದು ಜಗಳಕ್ಕೆ ದಾರಿ. ವಾರ, ಗಂಟೆ, ಜಾಗ, ತಡವಾದರೆ ಎಷ್ಟು ನಿಮಿಷ ಕಾಯಬೇಕು, ಜ್ವರ ಬಂದರೆ ತಪ್ಪಿದ ದಿನಕ್ಕೆ ಬದಲಿ ಯಾವಾಗ, ಎಲ್ಲವನ್ನೂ ಬರೆಸು. ಹಬ್ಬಗಳು ಸಮ ವರ್ಷ ನಿನಗೆ, ಬೆಸ ವರ್ಷ ಅವನಿಗೆ. ಪಾಸ್‌ಪೋರ್ಟ್ ಯಾರ ಬಳಿ, ಪ್ರವಾಸಕ್ಕೆ ಎಷ್ಟು ದಿನ ಮುಂಚೆ ಲಿಖಿತ ಒಪ್ಪಿಗೆ ಬೇಕು ಅನ್ನುವುದೂ ಬರಲಿ. ಶಾಲೆ, ಶಸ್ತ್ರಚಿಕಿತ್ಸೆಯಂಥ ವಿಷಯದಲ್ಲಿ ಒಮ್ಮತ ಬಾರದಿದ್ದರೆ ಮೊದಲು ಮಧ್ಯಸ್ಥಿಕೆ, ಆಮೇಲೆ ನ್ಯಾಯಾಲಯ. ಬರೀ ಸಹಿ ಸಾಲದು, ಒಪ್ಪಂದವನ್ನು ನ್ಯಾಯಾಲಯಕ್ಕೆ ಸಲ್ಲಿಸಿ ಆದೇಶ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಜಾರಿಗೆ ತರುವುದು ಕಷ್ಟ. ಮಗು ಶಾಲೆ ಬದಲಿಸಿದಾಗ ಮರುಪರಿಶೀಲನೆ ಅಂತ ಒಂದು ಸಾಲು ಸೇರಿಸು.

ಕರಡನ್ನು ವಕೀಲರಿಗೆ ಕೊಡುವ ಮುಂಚೆ ನನಗೊಮ್ಮೆ ಕಳಿಸು. ಕ್ಯಾಲೆಂಡರ್ ಇಟ್ಟುಕೊಂಡು ರಜೆಗಳ ಲೆಕ್ಕ ತಾಳೆ ನೋಡುತ್ತೇನೆ.

ಅಪ್ಪ