ಕೊನೆಯ 48 ಗಂಟೆಯ ವಾಟ್ಸಾಪ್: ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಪಕ್ಷ ಬದಲಿಸಿ ಮತ ಹಾಕುವುದು ಕರ್ನಾಟಕದವರಿಗೆ ಹೊಸದಲ್ಲ. 1985ರ ನಂತರ ಇಲ್ಲಿ ಆಳುವ ಪಕ್ಷ ಮತ್ತೆ ಗೆದ್ದು ಬಂದಿಲ್ಲ. 2013ರಲ್ಲಿ ಕಾಂಗ್ರೆಸ್‌ಗೆ ವಿಧಾನಸಭೆಯ 122 ಸ್ಥಾನ ಕೊಟ್ಟ ಇದೇ ಜನ, ಮರುವರ್ಷ ಲೋಕಸಭೆಗೆ ಬಿಜೆಪಿಯ 17 ಮಂದಿಯನ್ನು ಕಳಿಸಿದರು. ಹೀಗೆ ಅಳೆದು ತೂಗುವವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಈಗ ಅವರ ತಕ್ಕಡಿಗೇ ಕೈ ಹಾಕುವವರು ಜಾಸ್ತಿಯಾಗಿದ್ದಾರೆ.

ನಮ್ಮ ಚಿಕ್ಕಮ್ಮ ಯಾವ ಪಕ್ಷಕ್ಕೂ ಕಟ್ಟುಬಿದ್ದವರಲ್ಲ. 2023ರ ಮತದಾನದ ಹಿಂದಿನ ರಾತ್ರಿ ಅವರ ಸ್ವಸಹಾಯ ಸಂಘದ ಗ್ರೂಪಿಗೆ ಒಂದು ಫೋಟೊ ಬಂತು. ಟಿವಿಯ ಬ್ರೇಕಿಂಗ್ ನ್ಯೂಸ್ ಥರವೇ ಕೆಂಪು ಪಟ್ಟಿ, ದಪ್ಪ ಅಕ್ಷರ. ಅವರು ಮತ ಹಾಕಬೇಕೆಂದಿದ್ದ ಅಭ್ಯರ್ಥಿ ಕಣದಿಂದ ಹಿಂದೆ ಸರಿದು ಎದುರಾಳಿಗೆ ಬೆಂಬಲ ಕೊಟ್ಟಿದ್ದಾರೆ ಅಂತ. ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದು ಎರಡು ವಾರ ದಾಟಿತ್ತು! ಮತಯಂತ್ರದಲ್ಲಿ ಹೆಸರು ಇದ್ದೇ ಇತ್ತು. ತೆಗೆಯಲು ಮರೆತಿರಬೇಕು ಅಂದುಕೊಂಡರು ಚಿಕ್ಕಮ್ಮ. "ಸಂಘದ ಅಧ್ಯಕ್ಷರೇ ಕಳಿಸಿದ್ದಲ್ವಾ, ಸುಮ್ನೆ ಯಾಕೆ ವೋಟು ದಂಡ ಮಾಡೋದು" ಎಂದು ಬೇರೆಯವರಿಗೆ ಒತ್ತಿ ಬಂದರು.

ಪಕ್ಷಕ್ಕೆ ಅಂಟಿಕೊಂಡವರನ್ನು ಇಂಥ ಫೋಟೊ ಕದಲಿಸುವುದಿಲ್ಲ. ಗುರಿ ಇರುವುದೇ ಚಿಕ್ಕಮ್ಮನಂಥವರ ಮೇಲೆ. ಅದೇ ವರ್ಷ ಜಯನಗರದ ಫಲಿತಾಂಶ ನಿಂತದ್ದು ಬರೀ 16 ಮತಗಳ ಮೇಲೆ.

ಮತದಾನ ಮುಗಿಯುವ 48 ಗಂಟೆ ಮುಂಚೆ ಮೈಕು ನಿಲ್ಲುತ್ತದೆ, ಸಭೆ ನಿಲ್ಲುತ್ತದೆ. ವಾಟ್ಸಾಪ್ ನಿಲ್ಲುವುದಿಲ್ಲ. ನಕಲಿ ವಿಡಿಯೊ ಗಮನಕ್ಕೆ ಬಂದ 3 ಗಂಟೆಯೊಳಗೆ ಪಕ್ಷಗಳು ಅದನ್ನು ತೆಗೆಯಬೇಕು ಎಂದು 2024ರ ಮೇ ತಿಂಗಳಲ್ಲಿ ಆಯೋಗ ಹೇಳಿತು. ಒಳ್ಳೆಯದೇ. ಆದರೆ ಪಕ್ಷದ ಪುಟದಿಂದ ತೆಗೆದದ್ದು ಸಂಘದ ಗ್ರೂಪಿನಿಂದ ಹೋಗುವುದಿಲ್ಲವಲ್ಲ.

ಜನರ ಗ್ರೂಪುಗಳೊಳಗೆ ಇಣುಕಿ ಎಂದು ನಾನು ಕೇಳುತ್ತಿಲ್ಲ. ಅದು ಬೇಡವೇ ಬೇಡ. ಆ ಎರಡು ದಿನ ಪ್ರತಿ ತಾಲ್ಲೂಕಿನಲ್ಲೂ ವದಂತಿ ಪರಿಶೀಲಿಸಲೆಂದೇ ಒಬ್ಬ ಸಿಬ್ಬಂದಿ ಇರಲಿ. ಸುಳ್ಳೆಂದು ಖಚಿತವಾದ ಕೂಡಲೇ ಕನ್ನಡದಲ್ಲಿ ಒಂದು ಪುಟ್ಟ ಧ್ವನಿ ಸಂದೇಶ ಬಿಎಲ್‌ಒಗಳ (ಮತಗಟ್ಟೆ ಮಟ್ಟದ ಅಧಿಕಾರಿಗಳ) ಮೂಲಕ ಊರಿನ ಗ್ರೂಪುಗಳಿಗೆ ಹೋಗಲಿ. ಓದಲು ಕಷ್ಟಪಡುವವರಿಗೂ ಅದು ಮುಟ್ಟುತ್ತದೆ. ಮತಗಟ್ಟೆಯ ಹೊರಗೆ ಅಂಟಿಸುವ ಅಭ್ಯರ್ಥಿಗಳ ಪಟ್ಟಿಯ ಫೋಟೊವನ್ನೂ ಹಿಂದಿನ ಸಂಜೆಯೇ ಕಳಿಸಿ.

2028ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಬಿಎಲ್‌ಒಗಳ ತರಬೇತಿಯಲ್ಲಿ ಇದನ್ನು ಸೇರಿಸುತ್ತೀರಾ? ದಯವಿಟ್ಟು ಬಹಿರಂಗವಾಗಿಯೇ ಉತ್ತರಿಸಿ.

ಇಂತಿ,
ಒಬ್ಬ ಮತದಾರ